ಮಕ್ಕಳ ಅಂಗಾಲು ಚಪ್ಪಟೆ ಇರುವುದು ಎಷ್ಟನೇ ವಯಸ್ಸಿನವರೆಗೆ ಸಹಜ? ಶೂ, ಬರಿಗಾಲು, ವ್ಯಾಯಾಮದ ಬಗ್ಗೆ ತಿಳಿದವರು ಹೇಳಿ

ಸಕಲೇಶಪುರ_ಪಿಟಿ_ಮೇಷ್ಟ್ರು

ಒಂದರಿಂದ ಏಳನೇ ತರಗತಿವರೆಗಿನ ಮಕ್ಕಳಿಗೆ ಆಟ ಕಲಿಸುವ ಕೆಲಸ ನನ್ನದು. ಮಳೆ ಹಿಡಿದ ದಿನ ಮಕ್ಕಳು ಒದ್ದೆಗಾಲಲ್ಲೇ ಶಾಲೆಯ ಸಿಮೆಂಟ್ ಜಗುಲಿ ಹತ್ತುತ್ತಾರೆ. ಆಗ ನೆಲದ ಮೇಲೆ ಬೀಳುವ ಹೆಜ್ಜೆಯ ಅಚ್ಚು ನೋಡಿದರೆ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ. ಏಳನೇ ತರಗತಿಯವರ ಅಚ್ಚು ಒಳಬದಿಯಲ್ಲಿ ಬಾಗಿ, ಹಿಮ್ಮಡಿಗೂ ಮುಂಗಾಲಿಗೂ ನಡುವೆ ಹೊರಗಿನ ಒಂದು ಪಟ್ಟಿ ಮಾತ್ರ ಉಳಿದಿರುತ್ತದೆ. ಒಂದು, ಎರಡನೇ ತರಗತಿಯ ಬಹಳ ಮಕ್ಕಳದು ಇಡೀ ಅಂಗಾಲೇ ಮೂಡಿರುತ್ತದೆ.

ಇದನ್ನು ನೋಡಿದ ಕೆಲವು ಪೋಷಕರು ಗಾಬರಿಯಾಗಿ ಪೇಟೆಯಿಂದ ದಪ್ಪ ಇನ್‌ಸೋಲ್ ತಂದು ಶೂಗೆ ಹಾಕಿಸುತ್ತಿದ್ದಾರೆ. ಇನ್ನು ಕೆಲವರು ಶೂ ಬಿಚ್ಚಿಸಲೇಬೇಡಿ, ಕಾಲು ಅಗಲವಾಗುತ್ತದೆ ಎನ್ನುತ್ತಾರೆ. ಮತ್ತೆ ಕೆಲವರು ಬರಿಗಾಲಲ್ಲೇ ಓಡಿಸಿ ಎನ್ನುತ್ತಾರೆ. ಕೇಳಬೇಕಿರುವುದು ಇಷ್ಟು: ಯಾವ ವಯಸ್ಸಿಗೆ ಯಾವ ಅಚ್ಚು ಸಹಜ? ಯಾವ ಮಗುವನ್ನು ಡಾಕ್ಟರ ಹತ್ತಿರ ಕಳಿಸಬೇಕು, ಅದನ್ನು ಮೈದಾನದಲ್ಲೇ ಪರೀಕ್ಷಿಸುವ ದಾರಿ ಇದೆಯೇ? ಜೂನ್‌ನಲ್ಲಿ ಕೊಳ್ಳುವ ಶೂ ಎಷ್ಟು ದೊಡ್ಡದಿರಬೇಕು? ಪ್ರಾರ್ಥನೆಗೆ ಮುಂಚೆ ಹತ್ತು ನಿಮಿಷ ಸಿಗುತ್ತದೆ. ಪಾದಕ್ಕೆ ಬಲ ಬರುವಂಥದ್ದು ಏನು ಮಾಡಿಸಬಹುದು?

---

ಮಕ್ಕಳ_ಮೂಳೆವೈದ್ಯೆ_ಚಿಕ್ಕಮಗಳೂರು

ಮೇಷ್ಟ್ರೇ, ನಿಮ್ಮ ಜಗುಲಿಯ ಮೇಲೆ ಕಂಡದ್ದು ಸರಿಯಾದದ್ದೇ. ಒಂದನೇ ತರಗತಿಯ ಅಚ್ಚು ಏಳನೇ ತರಗತಿಯ ಅಚ್ಚಿನ ಹಾಗೆ ಇರಬೇಕಾಗಿಲ್ಲ.

ಮೊದಲು ಒಳಗೆ ಏನಿದೆ ಎಂದು ಹೇಳುತ್ತೇನೆ, ಆಮೇಲೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ದೊಡ್ಡವರ ಒಂದು ಪಾದದಲ್ಲಿ 26 ಮೂಳೆಗಳು. ಈಗಷ್ಟೇ ಹುಟ್ಟಿದ ಮಗುವಿನ ಪಾದದ ಎಕ್ಸ್‌-ರೇ ತೆಗೆದರೆ ಹಿಂಭಾಗದಲ್ಲಿ ಕಾಣುವುದು ಹಿಮ್ಮಡಿ ಮೂಳೆ, ಅದರ ಮೇಲೆ ಕೂತ ಟೇಲಸ್, ಹಲವು ಮಕ್ಕಳಲ್ಲಿ ಹೊರಬದಿಯ ಕ್ಯೂಬಾಯ್ಡ್. ಮುಂದುಗಡೆ ಬೆರಳುಗಳ ಮತ್ತು ಬೆರಳಿಗೆ ಹೋಗುವ ಉದ್ದ ಮೂಳೆಗಳ ನಡುಭಾಗ ಮಾತ್ರ. ಮಿಕ್ಕದ್ದೆಲ್ಲ ಮೃದ್ವಸ್ಥಿ, ಅಂದರೆ ಕಿವಿಯ ಹಾಲೆಯ ಮೇಲ್ಭಾಗದಲ್ಲಿ ಕೈಗೆ ಸಿಗುತ್ತದಲ್ಲ, ಅಂಥ ಬಾಗುವ ವಸ್ತು. ಆಕಾರ ಇರುತ್ತದೆ, ಗಟ್ಟಿ ಇರುವುದಿಲ್ಲ. ಒಳಬದಿಯ ಕಮಾನಿನ ನೆತ್ತಿಯಲ್ಲಿ ಕೂರುವ ನಾವಿಕ್ಯುಲರ್ ಎಂಬ ಮೂಳೆ ಎಲ್ಲಕ್ಕಿಂತ ಕೊನೆಗೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷದ ನಡುವೆ ಗಟ್ಟಿಯಾಗಲು ಶುರುವಾಗುತ್ತದೆ. ಕಮಾನಿನ ನೆತ್ತಿಯ ಮೂಳೆಯೇ ಇನ್ನೂ ಪೂರ್ತಿ ಮೂಳೆಯಾಗದ ವಯಸ್ಸಿನಲ್ಲಿ ಕಮಾನು ಎಲ್ಲಿ ಎಂದು ಹುಡುಕುವುದರಲ್ಲಿ ಅರ್ಥವಿಲ್ಲ.

ಅದರ ಜೊತೆಗೆ ಎರಡು ಕಾರಣಗಳು. ಎಳೆಯ ಮಗುವಿನ ಅಂಗಾಲಿನ ಒಳಬದಿಯಲ್ಲಿ ಕೊಬ್ಬಿನ ಮೆತ್ತೆ ಇರುತ್ತದೆ. ಒಳಗೆ ಸ್ವಲ್ಪ ಕಮಾನಿದ್ದರೂ ಅಚ್ಚಿನಲ್ಲಿ ಮುಚ್ಚಿಹೋಗುತ್ತದೆ. ಮೂಳೆಗಳನ್ನು ಕಟ್ಟಿಹಿಡಿಯುವ ರಜ್ಜುಗಳೂ ಆ ವಯಸ್ಸಿನಲ್ಲಿ ಸಡಿಲ. ಹಾಗಾಗಿ ಮಗು ಕೂತಾಗ ಅಥವಾ ಕಾಲು ಇಳಿಬಿಟ್ಟಾಗ ಕಮಾನು ಕಾಣುತ್ತದೆ, ನಿಂತು ಮೈಭಾರ ಬಿದ್ದ ಕೂಡಲೇ ಕುಸಿಯುತ್ತದೆ. ಮೂರರಿಂದ ಆರು ವರ್ಷದ ನಡುವೆ ಕಮಾನು ಬೇಗ ಏಳುತ್ತದೆ, ಹತ್ತರ ಹೊತ್ತಿಗೆ ಬಹುಪಾಲು ನೆಲೆಗೊಳ್ಳುತ್ತದೆ. ಮೈಭಾರ ಹೆಚ್ಚಿರುವ ಮಕ್ಕಳಲ್ಲಿ, ಕೀಲುಗಳು ಬಹಳ ಸಡಿಲ ಇರುವ ಮಕ್ಕಳಲ್ಲಿ ತಡ. ಕೆಲವರಲ್ಲಿ ಕೊನೆಗೂ ತಗ್ಗಾಗಿಯೇ ಉಳಿಯುತ್ತದೆ. ನೋವಿಲ್ಲದೆ ಓಡಾಡುವ ಚಪ್ಪಟೆ ಪಾದ ರೋಗವಲ್ಲ.

ಬೆಳವಣಿಗೆಯ ವೇಗವೂ ಒಂದೇ ಸಮ ಇರುವುದಿಲ್ಲ. ದೇಹದ ಬೇರೆ ಭಾಗಗಳಿಗಿಂತ ಪಾದ ಮುಂದೆ ಓಡುತ್ತದೆ. ಹೆಣ್ಣುಮಕ್ಕಳಲ್ಲಿ ಸುಮಾರು ಒಂದು ವರ್ಷಕ್ಕೆ, ಗಂಡುಮಕ್ಕಳಲ್ಲಿ ಒಂದೂವರೆ ವರ್ಷಕ್ಕೆ ಪಾದ ತನ್ನ ಕೊನೆಯ ಉದ್ದದ ಅರ್ಧ ಮುಟ್ಟಿರುತ್ತದೆ. ತೊಡೆ ಮತ್ತು ಮೊಣಕಾಲ ಕೆಳಗಿನ ಮೂಳೆಗಳು ಅರ್ಧ ಮುಟ್ಟುವುದು ಹುಡುಗಿಯರಲ್ಲಿ ಸುಮಾರು 3ಕ್ಕೆ, ಹುಡುಗರಲ್ಲಿ 4ಕ್ಕೆ. ಐದರಿಂದ ಹನ್ನೆರಡರವರೆಗೆ ಪಾದ ವರ್ಷಕ್ಕೆ ಸುಮಾರು 9 ಮಿ.ಮೀ. ಉದ್ದವಾಗುತ್ತದೆ. ಹುಡುಗಿಯರ ಪಾದ 12–13ಕ್ಕೆ, ಹುಡುಗರದು 14–15ಕ್ಕೆ ಹೆಚ್ಚುಕಡಿಮೆ ಪೂರ್ತಿ ಉದ್ದಕ್ಕೆ ಬಂದುಬಿಡುತ್ತದೆ, ಎತ್ತರ ಮಾತ್ರ ಇನ್ನೂ ಏರುತ್ತಿರುತ್ತದೆ. ಏಳನೇ ತರಗತಿಯ ಹುಡುಗರು ಅಷ್ಟುದ್ದ ಪಾದ ಇಟ್ಟುಕೊಂಡು ತಡವರಿಸುವುದು ಇದಕ್ಕೇ. ಅವರನ್ನು ಬೈಯಬೇಡಿ.

ಈಗ ಮೈದಾನದ ಪರೀಕ್ಷೆ. ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ, ಚಡ್ಡಿ ಮೊಣಕಾಲ ಮೇಲಿರಲಿ, ನೀವು ಹಿಂದೆ ಕುಕ್ಕರಗಾಲಲ್ಲಿ ಕೂತು ಹಿಮ್ಮಡಿಗಳನ್ನು ನೋಡಿ. ಗೋಡೆ ಹಿಡಿದು ತುದಿಗಾಲಲ್ಲಿ ನಿಲ್ಲಲು ಹೇಳಿ. ಕಮಾನು ಎದ್ದು, ಹೊರಗೆ ವಾಲಿದ್ದ ಹಿಮ್ಮಡಿ ಒಳಗೆ ತಿರುಗಿದರೆ ಅದು ಮೆತುವಾದ ಚಪ್ಪಟೆ ಪಾದ, ಚಿಂತೆ ಬೇಡ. ಇನ್ನೊಂದು: ಮಗು ನಿಂತಿರುವಾಗಲೇ ನೀವು ಅದರ ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆತ್ತಿ. ಅಂಗಾಲಿನ ತಂತು ಬಿಗಿದು ಕಮಾನು ಮೇಲೇಳಬೇಕು. ಎರಡರಲ್ಲೂ ಪಾದ ಹಲಗೆಯಂತೆ ಹಾಗೇ ಉಳಿದರೆ ಅದು ಬಿಗಿಯಾದ ಚಪ್ಪಟೆ ಪಾದ. ಹಿಂಪಾದದ ಎರಡು ಮೂಳೆಗಳು ಹುಟ್ಟಿನಿಂದಲೇ ಬೆಸೆದುಕೊಂಡಿರುವುದು ಅದಕ್ಕೆ ಒಂದು ಕಾರಣ. ಇಂಥವರಲ್ಲಿ ನೋವು ಸಾಮಾನ್ಯವಾಗಿ ಎಂಟು ವರ್ಷ ದಾಟಿದ ಮೇಲೆ, ಆ ಬೆಸುಗೆ ಗಟ್ಟಿಯಾಗುತ್ತ ಬಂದಾಗ ಕಾಣಿಸಿಕೊಳ್ಳುತ್ತದೆ; ಏರುಪೇರು ನೆಲದಲ್ಲಿ ಪದೇಪದೇ ಕಾಲು ಉಳುಕುತ್ತದೆ.

ಕಳಿಸಬೇಕಾದ ಇತರ ಮಕ್ಕಳು: ಒಂದೇ ಕಾಲು ಮಾತ್ರ ಚಪ್ಪಟೆಯಾಗಿದ್ದರೆ, ಕುಂಟಿದರೆ, ಊತವಿದ್ದರೆ, ಮೊದಲು ಮಾಡುತ್ತಿದ್ದ ಓಟ ಜಿಗಿತ ಈಗ ಆಗದಿದ್ದರೆ. ಕಮಾನು ವರ್ಷದಿಂದ ವರ್ಷಕ್ಕೆ ಅತಿಯಾಗಿ ಎತ್ತರವಾಗುತ್ತ, ಮಗು ಎಡವುವುದು ಹೆಚ್ಚುತ್ತ ಹೋದರೆ ಅದು ಚಪ್ಪಟೆ ಪಾದಕ್ಕಿಂತ ಗಂಭೀರ, ನರದ ತೊಂದರೆ ಇರಬಹುದು. ನೆಲದಿಂದ ಏಳುವಾಗ ಕೈಗಳನ್ನು ತೊಡೆಯ ಮೇಲೆ ಊರಿ ಊರಿ ಮೇಲೇರುವ, ಮೀನಖಂಡ ದಪ್ಪಗೆ ಕಾಣುವ ಮೂರು–ಐದು ವರ್ಷದ ಹುಡುಗನನ್ನು ಒಂದು ವಾರವೂ ಕಾಯದೆ ತೋರಿಸಿ, ಅದು ಸ್ನಾಯುಕ್ಷಯದ ಗುರುತು ಆಗಿರಬಹುದು. ಮೂರು ವರ್ಷ ದಾಟಿದ ಮೇಲೂ ಸದಾ ತುದಿಗಾಲಲ್ಲೇ ನಡೆಯುವುದನ್ನೂ ತೋರಿಸಬೇಕು.

ಇನ್‌ಸೋಲ್ ವಿಷಯ. ಮೆತುವಾದ, ನೋವಿಲ್ಲದ ಪಾದಕ್ಕೆ ಇನ್‌ಸೋಲ್ ಹಾಕಿದರೆ ಕಮಾನು ಬೆಳೆಯುವುದಿಲ್ಲ. 1989ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಒಂದರಿಂದ ಆರು ವರ್ಷದ ಮಕ್ಕಳನ್ನು ಗುಂಪು ಮಾಡಿ ಮೂರು ವರ್ಷ ಬೇರೆಬೇರೆ ತಿದ್ದುವ ಶೂ, ಇನ್‌ಸೋಲ್ ಹಾಕಿಸಿದರು. ಏನೂ ಹಾಕದ ಗುಂಪಿಗೂ ಅವರಿಗೂ ಕೊನೆಗೆ ವ್ಯತ್ಯಾಸ ಸಿಗಲಿಲ್ಲ. ಎಲ್ಲ ಗುಂಪಿನಲ್ಲೂ ಕಮಾನು ಸುಧಾರಿಸಿತ್ತು, ವಯಸ್ಸಿನಿಂದ. ನಡೆದರೆ ನೋವು, ಬೇಗ ಸುಸ್ತು ಎನ್ನುವ ಮಗುವಿಗೆ ಮೆತ್ತನೆಯ ಆಧಾರ ಕೊಡುವುದುಂಟು, ಅದು ನೋವಿಗಾಗಿ ಮಾತ್ರ. ಪೇಟೆಯ ದಪ್ಪ ಇನ್‌ಸೋಲ್ ಶೂ ಒಳಗಿನ ಜಾಗ ತಿಂದು ಬೆರಳುಗಳನ್ನು ಒತ್ತುತ್ತದೆ, ಅದನ್ನು ತೆಗೆಸಿ.

ಬರಿಗಾಲಿನ ಬಗ್ಗೆ ನಮ್ಮ ರಾಜ್ಯದ್ದೇ ಆಧಾರವಿದೆ. ಮಣಿಪಾಲದ ಮೂಳೆವೈದ್ಯರು 4ರಿಂದ 13 ವರ್ಷದ 2300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6, ಹಾಕದವರಲ್ಲಿ ಶೇ. 2.8. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಹೆಚ್ಚು, ಸ್ಯಾಂಡಲ್ ಮತ್ತು ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಆರು ವರ್ಷದೊಳಗೇ ಶೂ ಅಭ್ಯಾಸವಾದವರಲ್ಲಿ ದೊಡ್ಡವರಾದ ಮೇಲೂ ಚಪ್ಪಟೆ ಪಾದ ಹೆಚ್ಚು ಎಂದು ಅವರ ಮುಂದಿನ ಅಧ್ಯಯನ ತೋರಿಸಿತು. ಶೂ ಬಿಚ್ಚಿದರೆ ಕಾಲು ಕೆಡುತ್ತದೆ ಎನ್ನುವವರಿಗೆ ಇದನ್ನು ಹೇಳಿ.

---

ಮೂಡಿಗೆರೆ_ಆರೋಗ್ಯ_ಸಹಾಯಕಿ

ಡಾಕ್ಟ್ರು ಹೇಳಿದ್ದು ಒಪ್ಪುತ್ತೇನೆ. ಆದರೆ ಬರಿಗಾಲು ಒಳ್ಳೆಯದು ಎಂಬ ಒಂದು ಮಾತನ್ನು ಮಾತ್ರ ಹಿಡಿದು ಮಲೆನಾಡಿನಲ್ಲಿ ಹೇಳಿಬಿಟ್ಟರೆ ಅಪಾಯ. ಎಲ್ಲಿ ಬರಿಗಾಲು ಎಂಬುದನ್ನೂ ಹೇಳಬೇಕು.

ಕೊಕ್ಕೆಹುಳು ಬಾಯಿಂದಲ್ಲ, ಮುಖ್ಯವಾಗಿ ಕಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ಬಯಲಲ್ಲಿ ಮಲವಿಸರ್ಜನೆಯಾದ ಕಡೆ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ, ಐದರಿಂದ ಹತ್ತು ದಿನದಲ್ಲಿ ಮರಿ ಚರ್ಮ ಕೊರೆಯುವ ಹಂತಕ್ಕೆ ಬರುತ್ತದೆ, ಆಮೇಲೆ ಮೂರು–ನಾಲ್ಕು ವಾರ ಮಣ್ಣಲ್ಲಿ ಕಾಯುತ್ತಿರುತ್ತದೆ. ಅದಕ್ಕೆ ಬೇಕಾದದ್ದು ನೆರಳು, ತೇವ, ಸಡಿಲ ಮಣ್ಣು, ಬೆಚ್ಚನೆಯ ಹವೆ. ನಮ್ಮ ಕಾಫಿ ತೋಟದ ಮಣ್ಣು ಹಾಗೇ ಇದೆ. ಬೆರಳ ಸಂದಿಯಲ್ಲಿ ತುರಿಕೆಯ ಗುಳ್ಳೆ ಎದ್ದು ಹೋಗುತ್ತದೆ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಮೇಲೆ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಆಟದಲ್ಲಿ ಬೇಗ ಏದುಸಿರು ಬಿಡುವ, ಉಗುರು, ನಾಲಿಗೆ ಬಿಳಿಚಿದ ಮಗುವಿಗೆ ಪಾದದ ವ್ಯಾಯಾಮ ಮಾಡಿಸಿ ಏನು ಬಂತು, ಮೊದಲು ರಕ್ತ ಸರಿಹೋಗಬೇಕು.

ಹಾಗಾಗಿ ಮನೆಯೊಳಗೆ, ಗುಡಿಸಿದ ಒಣ ಅಂಗಳದಲ್ಲಿ, ಶಾಲೆಯ ಜಗುಲಿಯಲ್ಲಿ, ಬೇಸಿಗೆಯ ಒಣ ಮೈದಾನದಲ್ಲಿ ಬರಿಗಾಲು ಇರಲಿ. ತೋಟ, ಹಳ್ಳದ ದಂಡೆ, ಗೊಬ್ಬರದ ಗುಂಡಿ, ದನದ ಕೊಟ್ಟಿಗೆ, ಶೌಚಾಲಯಕ್ಕೆ ಪಾದರಕ್ಷೆ ಕಡ್ಡಾಯ. ಶಾಲೆಯಲ್ಲಿ ಜಂತುಹುಳು ಮಾತ್ರೆ ಕೊಡುವ ದಿನ ಮಗು ರಜೆ ಹಾಕಿದ್ದರೆ ಬಿಟ್ಟುಹೋದವರಿಗೆ ಕೊಡುವ ದಿನ ತಪ್ಪಿಸಬೇಡಿ. ಆಲ್ಬೆಂಡಜೋಲ್ ಎರಡು ವರ್ಷ ದಾಟಿದವರಿಗೆ 400 ಮಿ.ಗ್ರಾಂ., ಒಂದರಿಂದ ಎರಡು ವರ್ಷದವರಿಗೆ ಅದರ ಅರ್ಧ, ಪುಡಿ ಮಾಡಿ ನೀರಲ್ಲಿ.

ಇನ್ನು ಕೆಸರುಹುಣ್ಣು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಸಾಕ್ಸಿನಲ್ಲೇ ಮಗು ಬೆಳಗಿನಿಂದ ಸಂಜೆವರೆಗೆ ಕೂತರೆ ನಾಲ್ಕನೇ ಬೆರಳು ಮತ್ತು ಕಿರುಬೆರಳ ಸಂದಿಯ ಚರ್ಮ ಬೆಳ್ಳಗೆ ನೆನೆದು ಒಡೆಯುತ್ತದೆ, ಶಿಲೀಂಧ್ರ ಹಿಡಿಯುತ್ತದೆ. ಶಾಲೆಗೆ ಬಂದ ಕೂಡಲೇ ಶೂ ಸಾಕ್ಸ್ ಬಿಚ್ಚಿಸಿ, ಬೆರಳ ಸಂದಿ ಒಣಬಟ್ಟೆಯಲ್ಲಿ ಒರೆಸಿಸಿ, ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇನ್ನೊಂದು ಜೊತೆ ಸಾಕ್ಸ್ ಇಟ್ಟುಕೊಂಡು ಬರಲು ಹೇಳಿ. ಗಮ್‌ಬೂಟು ದಾರಿಗೆ ಮಾತ್ರ. ಇಂಬಳ, ಹಾವಿನ ಭಯಕ್ಕೆ ಬೇಕೇಬೇಕು, ಆದರೆ ತರಗತಿಯಲ್ಲಿ ಬೆವರು ಒಳಗೇ ನಿಲ್ಲುತ್ತದೆ, ಓಟಕ್ಕಂತೂ ಬೇಡವೇ ಬೇಡ.

ಹುಟ್ಟಿನಿಂದ ಪಾದ ಒಳಕ್ಕೆ ಕೆಳಕ್ಕೆ ತಿರುಚಿಕೊಂಡ ಮಗು ಯಾರದಾದರೂ ಮನೆಯಲ್ಲಿದ್ದರೆ ಎಣ್ಣೆ ತಿಕ್ಕಿ ಸರಿಮಾಡುತ್ತೇವೆ ಎಂದು ಕೂರುವುದು ಬೇಡ. ಮೊದಲ ವಾರಗಳಲ್ಲೇ ಪೊನ್‌ಸೆಟಿ ವಿಧಾನ ಶುರುಮಾಡಬೇಕು: ವಾರಕ್ಕೊಂದು ಪ್ಲಾಸ್ಟರ್, ಸುಮಾರು ಐದಾರು ಸಲ, ಬಹುತೇಕ ಮಕ್ಕಳಿಗೆ ಹಿಮ್ಮಡಿ ತಂತುವಿಗೆ ಒಂದು ಚಿಕ್ಕ ಕೊಯ್ತ. ಆಮೇಲೆ ಸರಳು ಜೋಡಿಸಿದ ಬೂಟು ಮೂರು ತಿಂಗಳು ದಿನಕ್ಕೆ 23 ಗಂಟೆ, ನಂತರ ನಾಲ್ಕೈದು ವರ್ಷದವರೆಗೆ ಮಲಗುವಾಗ. ಕೆಡುವುದು ಇಲ್ಲೇ. ಕಾಲು ನೇರವಾಯಿತಲ್ಲ ಎಂದು ರಾತ್ರಿಯ ಬೂಟು ಬಿಟ್ಟರೆ ಮತ್ತೆ ತಿರುಚುತ್ತದೆ. ಇದೆಲ್ಲ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೇರಿದೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ತಪಾಸಣೆಗೆ ಬರಬೇಕು. ಮೇಷ್ಟ್ರೇ, ನೀವು ತುದಿಗಾಲಿನ ಪರೀಕ್ಷೆಯಲ್ಲಿ ಬೇರೆಯಾಗಿ ಕಂಡ ಮಕ್ಕಳ ಪಟ್ಟಿ ಮೊದಲೇ ಬರೆದಿಟ್ಟುಕೊಂಡು ಆ ದಿನ ತಂಡದ ಕೈಗೆ ಕೊಡಿ.

---

ಪಾದರಕ್ಷೆ_ಅಳತೆ_ಅರಸೀಕೆರೆ

ಶೂ ಅಳತೆಗೆ ಉತ್ತರ ನನ್ನದು.

ಸಂಜೆ ಅಳೆಯಿರಿ, ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಹಿಗ್ಗಿರುತ್ತದೆ. ಗೋಡೆಗೆ ಹಿಮ್ಮಡಿ ತಾಗಿಸಿ, ನೆಲದ ಮೇಲೆ ಕಾಗದ ಹಾಸಿ, ಮಗು ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಲ್ಲಲಿ. ಕೂತ ಪಾದ ಅಳೆದರೆ ಉದ್ದ ಕಡಿಮೆ ಬರುತ್ತದೆ. ಪೆನ್ಸಿಲ್ ನೆಟ್ಟಗೆ ಹಿಡಿದು ಅತಿ ಉದ್ದದ ಬೆರಳ ತುದಿಗೆ ಗುರುತು ಹಾಕಿ. ಅದು ಹೆಬ್ಬೆರಳೇ ಆಗಬೇಕಿಲ್ಲ, ಎಷ್ಟೋ ಮಕ್ಕಳಲ್ಲಿ ಎರಡನೆಯದು ಉದ್ದ. ಎರಡೂ ಪಾದ ಅಳೆದು ದೊಡ್ಡದನ್ನು ಹಿಡಿಯಿರಿ. ಅದಕ್ಕೆ 10ರಿಂದ 12 ಮಿ.ಮೀ. ಸೇರಿಸಿ. ಅಷ್ಟುದ್ದದ, ಬೆರಳಗಲದ ರಟ್ಟಿನ ಪಟ್ಟಿ ಕತ್ತರಿಸಿಕೊಂಡು ಅಂಗಡಿಗೆ ಹೋಗಿ. ಪಟ್ಟಿಯನ್ನು ಶೂ ಒಳಗೆ ಇಟ್ಟರೆ ಬಾಗದೆ, ಹೆಚ್ಚು ಜಾಗ ಮಿಕ್ಕದೆ ಕೂರಬೇಕು. ಮಗುವನ್ನು ಕರೆದುಕೊಂಡು ಹೋಗಲಾಗದವರಿಗೂ ಈ ದಾರಿ ಸಾಕು. ಶೂ ಮುಂದೆ ಹೆಬ್ಬೆರಳಿಟ್ಟು ಒತ್ತಿ ನೋಡುವುದನ್ನು ನಂಬಬೇಡಿ, ಒತ್ತಿದ ಕೂಡಲೇ ಮಗು ಬೆರಳು ಮಡಚಿಕೊಳ್ಳುತ್ತದೆ.

ನಂಬರಿನ ಲೆಕ್ಕ ಹೀಗಿದೆ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇಂಗ್ಲೆಂಡಿನ ನಂಬರು, ಒಂದು ನಂಬರಿಗೂ ಮುಂದಿನದಕ್ಕೂ ಮೂರನೇ ಒಂದು ಇಂಚು, ಅಂದರೆ ಸುಮಾರು 8.5 ಮಿ.ಮೀ. ಮಕ್ಕಳ ನಂಬರು 13ಕ್ಕೆ ಮುಗಿದು ಮತ್ತೆ 1ರಿಂದ ಶುರುವಾಗುತ್ತದೆ; 13 ಆದಮೇಲೆ 1 ಎಂದರೆ ಚಿಕ್ಕದೆಂದು ತಿಳಿದು ವಾಪಸು ಕೊಡುವವರಿದ್ದಾರೆ. ಯುರೋಪಿನ ನಂಬರಿನಲ್ಲಿ ಅಂತರ 6.7 ಮಿ.ಮೀ. ಒಂದೇ ನಂಬರಿನ ಎರಡು ಕಂಪನಿಯ ಶೂ ಒಳಗಿನ ಉದ್ದ ಒಂದೇ ಇರುತ್ತದೆಂಬ ಖಾತರಿಯಿಲ್ಲ. ರಟ್ಟಿನ ಪಟ್ಟಿಯನ್ನೇ ನಂಬಿ.

ಮುಂದಿನ ವರ್ಷಕ್ಕೂ ಬರಲಿ ಎಂದು ಎರಡು ನಂಬರು ದೊಡ್ಡದು ಕೊಳ್ಳುವುದು ನಮ್ಮ ಕಡೆ ರೂಢಿ. ಖರ್ಚು ಉಳಿಸುವ ಆಸೆ ಅರ್ಥವಾಗುತ್ತದೆ. ಆದರೆ 17 ಮಿ.ಮೀ. ಹೆಚ್ಚಾದರೆ ಏನಾಗುತ್ತದೆ ನೋಡಿ: ಶೂ ಬಾಗುವ ಜಾಗ ಪಾದ ಬಾಗುವ ಜಾಗಕ್ಕಿಂತ ಮುಂದೆ ಹೋಗುತ್ತದೆ, ಹಿಮ್ಮಡಿ ಜಾರುತ್ತದೆ, ಶೂ ಕಳಚದಂತೆ ಮಗು ಪ್ರತಿ ಹೆಜ್ಜೆಗೂ ಬೆರಳುಗಳನ್ನು ಕೊಕ್ಕೆಯಂತೆ ಮಡಚಿ ಹಿಡಿಯುತ್ತದೆ. ಹಿಮ್ಮಡಿಯಲ್ಲಿ ಬೊಬ್ಬೆ, ಬೆರಳ ಗೆಣ್ಣಿನ ಮೇಲೆ ಗಟ್ಟಿ ಚರ್ಮ. ಅರ್ಧದಷ್ಟು ಮಕ್ಕಳ ಸಾಕ್ಸ್ ಹಿಮ್ಮಡಿಯಲ್ಲೇ ತೂತು ಬಿದ್ದಿದ್ದರೆ ಕಾರಣ ಇದೇ ಇರುತ್ತದೆ. ಡಾಕ್ಟ್ರು ಹೇಳಿದ ವರ್ಷಕ್ಕೆ 9 ಮಿ.ಮೀ. ಲೆಕ್ಕ ಹಿಡಿದರೆ ಜೂನ್‌ನಲ್ಲಿ 12 ಮಿ.ಮೀ. ಬಿಟ್ಟು ಕೊಂಡ ಶೂ ಜನವರಿ, ಫೆಬ್ರವರಿವರೆಗೆ ಆರಾಮಾಗಿ ನಡೆಯುತ್ತದೆ. ದೀಪಾವಳಿ ರಜೆಯಲ್ಲಿ ಒಮ್ಮೆ, ಸಂಕ್ರಾಂತಿಗೆ ಒಮ್ಮೆ ಅಳೆದು, ಮುಂದೆ 5 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಬದಲಿಸಿ. ಮೂರು ವರ್ಷದೊಳಗಿನವರಿಗೆ ಎರಡು–ಮೂರು ತಿಂಗಳಿಗೊಮ್ಮೆ ಅಳೆಯಬೇಕು. ಶೂ ಚಿಕ್ಕದಾಗಿದೆ ಎಂದು ಮಗುವೇ ಹೇಳುತ್ತದೆ ಎಂದು ಕಾಯಬೇಡಿ. ಪಾದ ಮೆತ್ತಗಿರುವುದರಿಂದ ನೋವಿಲ್ಲದೇ ಒತ್ತಿಕೊಂಡು ಹೋಗುತ್ತದೆ.

ಕೊಳ್ಳುವಾಗ ಶೂ ಕೈಯಲ್ಲಿ ಹಿಡಿದು ಬಾಗಿಸಿ. ಬೆರಳ ಬುಡದ ಹತ್ತಿರ ಸುಲಭವಾಗಿ ಬಾಗಬೇಕು, ನಟ್ಟನಡುವೆ ಮಡಚಿಕೊಳ್ಳಬಾರದು. ಹಿಂಭಾಗ ಹಿಮ್ಮಡಿಯನ್ನು ಸಡಿಲವಿಲ್ಲದೆ ಹಿಡಿಯಬೇಕು. ಮುಂಭಾಗ ಚೂಪಾಗಿರದೆ ದುಂಡಗೆ, ಬೆರಳು ಹರಡುವಷ್ಟು ಅಗಲ ಇರಬೇಕು. ಲೇಸ್ ಅಥವಾ ಅಂಟುಪಟ್ಟಿ ಇರಲಿ. ಕಾಲು ತೂರಿಸುವ ಶೂ ಹಿಡಿತಕ್ಕಾಗಿ ಬಿಗಿಯಾಗಿರಲೇಬೇಕಾಗುತ್ತದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದ ಬೇರೆಬೇರೆ ಕಡೆ ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ನಮ್ಮವರ ಪಾದ ಯುರೋಪ್, ಅಮೆರಿಕದವರಿಗಿಂತ ಅಗಲ ಎಂದು ಕಂಡುಕೊಂಡಿದೆ. ಉದ್ದ ಸರಿಯಿದ್ದೂ ಕಿರುಬೆರಳು ಕೆಂಪಾಗುತ್ತಿದ್ದರೆ ಕಾರಣ ಅಗಲ. ಉದ್ದದ ನಂಬರು ಏರಿಸುವ ಬದಲು ಬೇರೆ ಅಚ್ಚಿನ ಶೂ ನೋಡಿ. ಬಿಗಿಯಾದ ನೈಲಾನ್ ಸಾಕ್ಸ್ ಕೂಡ ಬೆರಳು ಒತ್ತುತ್ತದೆ ಎಂಬುದು ನೆನಪಿರಲಿ. ಅಣ್ಣನ ಹಳೆ ಶೂ ತಮ್ಮನಿಗೆ ಕೊಡುವ ಮುಂಚೆ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ: ಒಂದು ಬದಿಗೆ ವಾಲಿದ್ದರೆ, ಅಟ್ಟೆ ಒಂದೇ ಕಡೆ ಸವೆದಿದ್ದರೆ ಕೊಡಬೇಡಿ.

ಮಳೆಯಲ್ಲಿ ನೆಂದ ಶೂವನ್ನು ಒಲೆಯ ಪಕ್ಕ, ಹೊಗೆಯಟ್ಟದ ಕೆಳಗೆ ಇಡುತ್ತಾರೆ. ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯುತ್ತದೆ, ಚರ್ಮ ಕಟ್ಟಿಗೆಯಾಗುತ್ತದೆ. ಒಳಗಿನ ಹಾಳೆ ಹೊರತೆಗೆದು, ಶೂಗೆ ದಿನಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ ಗಾಳಿಗೆ ಇಡಿ.

---

ಫಿಸಿಯೋ_ಹಾಸನ

ವ್ಯಾಯಾಮಕ್ಕೆ ಮುಂಚೆ ಒಂದು ಮಾತು. ಇದರಿಂದ ಅಚ್ಚಿನ ಆಕಾರ ಬದಲಾಗುತ್ತದೆ ಎಂದು ಪೋಷಕರಿಗೆ ಭರವಸೆ ಕೊಡಬೇಡಿ. ಕಮಾನನ್ನು ಹಿಡಿಯುವ ಸ್ನಾಯುಗಳಿಗೆ ಬಲ, ಸಮತೋಲ ಬರುತ್ತದೆ, ಆಯಾಸ ಕಡಿಮೆಯಾಗುತ್ತದೆ. ಅಷ್ಟೇ ಸಾಕು.

ಬಲ ಬರುವುದಕ್ಕೂ ಒಂದು ಕ್ರಮ ಇದೆ. ಮಗು ಆಸರೆಯಿಲ್ಲದೆ ನಡೆಯುವುದು 8 ತಿಂಗಳಿಂದ ಸುಮಾರು 18 ತಿಂಗಳ ನಡುವೆ ಯಾವಾಗಲಾದರೂ ಸರಿ. ಮೊದಲಿಗೆ ಕಾಲು ಅಗಲಿಸಿ, ಕೈ ಮೇಲೆತ್ತಿ, ಇಡೀ ಅಂಗಾಲು ಒಮ್ಮೆಗೇ ತಟ್ಟುತ್ತ ನಡೆಯುತ್ತದೆ. ಹಿಮ್ಮಡಿ ಮೊದಲು ಊರುವುದು ಆಮೇಲೆ. ಎರಡಕ್ಕೆ ಎರಡೂ ಕಾಲಲ್ಲಿ ಜಿಗಿತ, ಮೂರಕ್ಕೆ ಒಂಟಿಗಾಲಲ್ಲಿ ಒಂದು ಕ್ಷಣ, ನಾಲ್ಕಕ್ಕೆ ಒಂಟಿಗಾಲಲ್ಲಿ ಹಾರುವುದು, ಐದಾರಕ್ಕೆ ಒಂಟಿಗಾಲಲ್ಲಿ ಹತ್ತು ಸೆಕೆಂಡು. ನಡಿಗೆ ದೊಡ್ಡವರಂತಾಗುವುದು ಏಳರ ಹೊತ್ತಿಗೆ. ಒಂದನೇ ತರಗತಿಯವರಿಗೆ ಏಳನೆಯವರ ವ್ಯಾಯಾಮ ಕೊಡಬಾರದು ಎಂಬುದು ಇದಕ್ಕೇ. ಮನೆಯಲ್ಲಿ ಚಿಕ್ಕ ಮಗುವಿದ್ದವರಿಗೆ: ಚಕ್ರದ ವಾಕರ್ ಬೇಡ. ಅದರಲ್ಲಿ ಮಗು ತುದಿಗಾಲಲ್ಲಿ ತಳ್ಳಿಕೊಂಡು ಹೋಗುತ್ತದೆ, ಸಮತೋಲ ಕಲಿಯುವುದಿಲ್ಲ, ಹೊಸಿಲು, ಮೆಟ್ಟಿಲಲ್ಲಿ ಉರುಳುತ್ತದೆ.

ಒಂದರಿಂದ ಮೂರನೇ ತರಗತಿಗೆ ಆಟವೇ ಸಾಕು. ಕುಂಟಾಬಿಲ್ಲೆಗಿಂತ ಒಳ್ಳೆಯದನ್ನು ನಾನು ಹೇಳಲಾರೆ: ಒಂಟಿಗಾಲಲ್ಲಿ ಹಾರಿ ಇಳಿಯುವಾಗ ಹಿಮ್ಮಡಿ ಒಳಕ್ಕೆ ಹೊರಕ್ಕೆ ವಾಲದಂತೆ ಹಿಡಿಯುವ ಸ್ನಾಯುಗಳೆಲ್ಲ ಕೆಲಸ ಮಾಡುತ್ತವೆ. ಎಲ್ಲ ಮಕ್ಕಳೂ ಒಗ್ಗಿದ ಕಾಲಲ್ಲೇ ಕುಂಟುತ್ತಾರೆ; ಒಂದು ಸುತ್ತು ಬಲಗಾಲು, ಒಂದು ಸುತ್ತು ಎಡಗಾಲು ಎಂದು ನಿಯಮ ಮಾಡಿ. ತುದಿಗಾಲಲ್ಲಿ ಹತ್ತು ಹೆಜ್ಜೆ, ಹಿಮ್ಮಡಿಯಲ್ಲಿ ಹತ್ತು ಹೆಜ್ಜೆ. ಸುಣ್ಣದ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸುತ್ತ ನಡಿಗೆ. ಹುಣಸೆ ಬೀಜ ಅಥವಾ ಗೋಲಿಯನ್ನು ಕಾಲ್ಬೆರಳಲ್ಲಿ ಹಿಡಿದು ತಟ್ಟೆಗೆ ಹಾಕುವುದು, ಒಂದು ಕಾಲಿಗೆ ಹತ್ತು. ಮೂರು ವರ್ಷದೊಳಗಿನ ತಮ್ಮ ತಂಗಿಯರು ಹತ್ತಿರ ಇದ್ದರೆ ಬೀಜ, ಗೋಲಿ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ನಾಲ್ಕನೆಯಿಂದ ಮೇಲಿನವರಿಗೆ ತುದಿಗಾಲು ಏರಿಳಿತ: ಗೋಡೆಗೆ ಬೆರಳು ತಾಗಿಸಿ, ಮೊಣಕಾಲು ನೇರ, ಎರಡೆಣಿಕೆಯಲ್ಲಿ ಏರಿ ಮೂರೆಣಿಕೆಯಲ್ಲಿ ಇಳಿಯುವುದು, ಹತ್ತರಂತೆ ಎರಡು ಸುತ್ತು. ಮೇಲೇರಿದಾಗ ಭಾರ ಹೆಬ್ಬೆರಳ ಬುಡದ ಮೇಲಿರಬೇಕು. ಕಿರುಬೆರಳ ಕಡೆ ವಾಲಿದರೆ ಕಾಲು ಉಳುಕುವ ಅಭ್ಯಾಸವನ್ನೇ ಕಲಿಸಿದಂತೆ. ಹಿಮ್ಮಡಿಗಳ ನಡುವೆ ಒಂದು ಚೆಂಡು ಇಟ್ಟು ಅದನ್ನು ಬೀಳಿಸದೆ ಏರಲು ಹೇಳಿ, ತಾನಾಗಿ ಸರಿಹೋಗುತ್ತದೆ. ಎರಡನೆಯದು ಪಾದ ಗಿಡ್ಡ ಮಾಡುವುದು: ಬೆಂಚಿನ ಮೇಲೆ ಕೂತು ಅಂಗಾಲು ನೆಲಕ್ಕೆ ಊರಿ, ಹೆಬ್ಬೆರಳ ಬುಡವನ್ನು ಹಿಮ್ಮಡಿಯ ಕಡೆ ಎಳೆದು ಐದು ಸೆಕೆಂಡು ಹಿಡಿಯುವುದು, ಎಂಟು ಸಲ. ಬೆರಳು ಮಡಚಿದರೆ ಕೆಲಸ ಬೇರೆ ಸ್ನಾಯುವಿಗೆ ಹೋಯಿತು ಎಂದರ್ಥ. ಆರೇಳು ವರ್ಷದೊಳಗಿನವರಿಗೆ ಇದು ಬರುವುದಿಲ್ಲ, ಬಲವಂತ ಬೇಡ.

ಕೊನೆಗೆ ಮೀನಖಂಡ ಎಳೆತ. ಹಿಮ್ಮಡಿ ಊರಿ ಕುಕ್ಕರಗಾಲಲ್ಲಿ ಕೂರಲಾಗದೆ ಹಿಂದಕ್ಕೆ ಬೀಳುವ ಮಕ್ಕಳನ್ನು ಗುರುತಿಸಿ, ಅವರಿಗೆ ಇದು ಮುಖ್ಯ. ಹಿಮ್ಮಡಿ ತಂತು ಬಿಗಿಯಾಗಿದ್ದರೆ ಪಾದ ಮುಂದೆ ಬಾಗಲಾರದೆ ನಡುವಲ್ಲೇ ಕುಸಿಯುತ್ತದೆ. ಗೋಡೆಗೆ ಕೈಯೂರಿ, ಒಂದು ಕಾಲು ಹಿಂದೆ, ಮೊಣಕಾಲು ನೇರ, ಹಿಮ್ಮಡಿ ನೆಲದಲ್ಲಿ, 20–30 ಸೆಕೆಂಡು, ಮೂರು ಸಲ. ಹಿಂದಿನ ಪಾದ ಹೊರಕ್ಕೆ ತಿರುಗಿದ್ದರೆ ಎಳೆತ ಮೀನಖಂಡಕ್ಕೆ ಬರದೆ ಕಮಾನೇ ಜಗ್ಗುತ್ತದೆ. ಬೆರಳುಗಳು ಗೋಡೆಯತ್ತ ನೇರ ಇರಲಿ.

ವಾರಕ್ಕೆ ಮೂರು ದಿನ, ಹತ್ತು ನಿಮಿಷ ಸಾಕು. ಆರೆಂಟು ವಾರ ಬಿಡದೆ ಮಾಡಿಸಿದರೆ ಏರಿಳಿತದಲ್ಲಿ ನಡುಗುವುದು ಕಡಿಮೆಯಾದದ್ದು ನಿಮಗೇ ಕಾಣುತ್ತದೆ.

---

ಸಕಲೇಶಪುರ_ಪಿಟಿ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಇನ್ನೊಂದೇ ಪ್ರಶ್ನೆ. ಕ್ರೀಡಾಕೂಟಕ್ಕೆ ಮುಂಚಿನ ವಾರಗಳಲ್ಲಿ ಹತ್ತು–ಹನ್ನೆರಡು ವರ್ಷದ ಕೊಕ್ಕೊ, ಓಟದ ಮಕ್ಕಳು ಹಿಮ್ಮಡಿ ನೋವು ಎನ್ನುತ್ತಾರೆ. ಗಾಯವಿಲ್ಲ, ಊತವಿಲ್ಲ. ಆಡಿಸಬಹುದೇ? ಚಿಕ್ಕ ಮಕ್ಕಳು ರಾತ್ರಿ ಕಾಲು ಸೆಳೆತ ಎಂದು ಅಳುತ್ತಾರೆಂದು ತಾಯಂದಿರು ಹೇಳುವುದೂ ಇದೇನಾ?

---

ಮಕ್ಕಳ_ಮೂಳೆವೈದ್ಯೆ_ಚಿಕ್ಕಮಗಳೂರು

ಎರಡೂ ಬೇರೆ. ಹಿಮ್ಮಡಿ ಮೂಳೆಯ ಹಿಂತುದಿಯಲ್ಲಿ ಏಳೆಂಟು ವರ್ಷಕ್ಕೆ ಒಂದು ಪ್ರತ್ಯೇಕ ಬೆಳವಣಿಗೆಯ ತುಣುಕು ಮೂಡಿ, ಹದಿನೈದರ ಆಸುಪಾಸಿಗೆ ಮುಖ್ಯ ಮೂಳೆಗೆ ಬೆಸೆಯುತ್ತದೆ. ಅಲ್ಲಿಯವರೆಗೆ ನಡುವೆ ಮೃದ್ವಸ್ಥಿಯ ಪದರ. ಮೀನಖಂಡದ ತಂತು ಆ ತುಣುಕಿಗೇ ಅಂಟಿಕೊಂಡಿದೆ. ಮೂಳೆ ಬೇಗ ಉದ್ದವಾಗಿ ಸ್ನಾಯು ಹಿಂದೆ ಬಿದ್ದಾಗ, ಅದರ ಮೇಲೆ ಗಟ್ಟಿ ನೆಲದ ಓಟ ಸೇರಿದಾಗ ಆ ಪದರ ಎಳೆದಾಡಿ ನೋಯುತ್ತದೆ. ಇದಕ್ಕೆ ಸೀವರ್ಸ್ ಎನ್ನುತ್ತೇವೆ. ಹಿಮ್ಮಡಿಯನ್ನು ಎರಡೂ ಬದಿಯಿಂದ ಹೆಬ್ಬೆರಳು ತೋರುಬೆರಳಲ್ಲಿ ಹಿಂಡಿ. ಅಲ್ಲೇ ನೋವು ಎಂದರೆ ಬಹುತೇಕ ಇದೇ. ಎಕ್ಸ್‌-ರೇ ಸಾಮಾನ್ಯವಾಗಿ ಬೇಕಿಲ್ಲ. ಶಾಶ್ವತ ಹಾನಿಯೂ ಇಲ್ಲ.

ಮಗು ಕುಂಟದೆ ಆಡುವಷ್ಟು ನೋವಿದ್ದರೆ ಆಡಲಿ, ಕುಂಟಿದರೆ ಆ ದಿನ ನಿಲ್ಲಿಸಿ. ಜಿಗಿತ, ವೇಗದ ಓಟ ಎರಡು–ನಾಲ್ಕು ವಾರ ಅರ್ಧಕ್ಕಿಳಿಸಿ. ಆಟದ ನಂತರ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹತ್ತು–ಹದಿನೈದು ನಿಮಿಷ, ಶೂ ಒಳಗೆ ಎರಡೂ ಹಿಮ್ಮಡಿಗೆ 5ರಿಂದ 8 ಮಿ.ಮೀ. ಮೆತ್ತೆ. ಫಿಸಿಯೋ ಹೇಳಿದ ಮೀನಖಂಡ ಎಳೆತ, ನೋವು ತುಸು ಇಳಿದ ಮೇಲೆ. ಈ ಮಕ್ಕಳಿಗೆ ಮಾತ್ರ ಗಟ್ಟಿ ನೆಲದಲ್ಲಿ ಬರಿಗಾಲ ಓಟ ಬೇಡ.

ರಾತ್ರಿಯ ನೋವು ಮೂರರಿಂದ ಹನ್ನೆರಡು ವರ್ಷದವರಲ್ಲಿ, ಎರಡೂ ಕಾಲಲ್ಲಿ, ಮೀನಖಂಡ, ತೊಡೆ, ಮೊಣಕಾಲ ಹಿಂದೆ ಬರುತ್ತದೆ; ತಿಕ್ಕಿದರೆ ಹಿತ, ಬೆಳಿಗ್ಗೆ ಏನೂ ಆಗದವರಂತೆ ಓಡುತ್ತಾರೆ. ಹಾಗಿದ್ದರೆ ಭಯವಿಲ್ಲ. ಸದಾ ಒಂದೇ ಕಾಲು, ಒಂದೇ ಜಾಗ, ಮುಟ್ಟಿದರೆ ನೋವು, ಜ್ವರ ಅಥವಾ ಬೆಳಿಗ್ಗೆಯೂ ಕುಂಟುವುದು, ಇವುಗಳಲ್ಲಿ ಯಾವುದಿದ್ದರೂ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಕಳಿಸಿ. ನಾಲ್ಕರಿಂದ ಏಳು ವರ್ಷದ ಹುಡುಗ ಪಾದದ ಹೊರ ಅಂಚಿನಲ್ಲಿ ಮಾತ್ರ ಊರಿ ಕುಂಟುತ್ತ, ಕಮಾನಿನ ನೆತ್ತಿ ಮುಟ್ಟಿದರೆ ಕೈ ತಳ್ಳಿದರೆ ನಾವಿಕ್ಯುಲರ್ ಮೂಳೆಗೆ ರಕ್ತ ಸಂಚಾರ ಕುಂದಿರಬಹುದು. ಅದೂ ವಿಶ್ರಾಂತಿಯಿಂದ, ಕೆಲವೊಮ್ಮೆ ಕೆಲವು ವಾರಗಳ ಪ್ಲಾಸ್ಟರಿನಿಂದ ತಾನಾಗಿ ತುಂಬಿಕೊಳ್ಳುತ್ತದೆ, ಆದರೆ ಎಕ್ಸ್‌-ರೇ ತೆಗೆದು ಖಚಿತ ಮಾಡಿಕೊಳ್ಳಬೇಕು. ಕಳಿಸುವಾಗ ಮಗು ದಿನವೂ ಹಾಕುವ ಶೂವನ್ನೂ ಜೊತೆಗೆ ತರಲು ಹೇಳಿ.